ಹಗ್ಗ ಎಳೆಯುವವಳು

ಕೈಯಿಂದ ಪೆಟ್ರೋಲ್ ವಾಸನೆ ಹೋಗುವುದೇ ಇಲ್ಲವಲ್ಲ...

ಲತಾಮಣಿಗೆ ಇದೊಂದು ಚಿಂತೆ. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಸೀಗೆಪುಡಿ ಹಾಕಿ ತಿಕ್ಕಿದ್ದಳು, ನಿಂಬೆಸಿಪ್ಪೆ ಉಜ್ಜಿದ್ದಳು, ಒಲೆಯ ಬೂದಿಯನ್ನೂ ಬಿಟ್ಟಿರಲಿಲ್ಲ. ಆದರೂ ತುತ್ತು ಬಾಯಿಗಿಡುವಾಗ ಮೊದಲು ಮೂಗಿಗೆ ಬಡಿಯುವುದು ಅದೇ. ಡೈರಿ ಬರೆಯಲು ಕೂತರೆ ಹಾಳೆಗೂ ಅದೇ ವಾಸನೆ.

'ಬಿ.ಎ. ಮಾಡಿದವಳ ಕೈ ಹೀಗಿರುತ್ತಾ?' ಎಂದು ತನ್ನನ್ನೇ ಕೇಳಿಕೊಳ್ಳುವಳು.

'ಇದ್ರೆ ಏನೀಗ?' ಎಂದು ಮರುಕ್ಷಣ ತಾನೇ ಉತ್ತರ ಕೊಡುವಳು.

ಮನಸ್ಸಿನೊಳಗೆ ಅವಳಷ್ಟು ಜಗಳಗಂಟಿ ಇನ್ನೊಬ್ಬಳಿರಲಿಲ್ಲ. ಹೊರಗೆ ಮಾತ್ರ, ನಾಲ್ಕು ಜನರ ಎದುರು ನಿಂತರೆ ದನಿಯೇ ಹೊರಡದು.

ಯಗಚಿ ಹೊಳೆಗೆ ಅಣೆಕಟ್ಟು ಬಂದು ನೀರು ನಿಂತ ಮೇಲೆ ಅವರ ಊರಿನಿಂದ ಬೇಲೂರಿಗೆ ರಸ್ತೆಯಲ್ಲಿ ಹೋಗುವುದೆಂದರೆ ದೊಡ್ಡ ಸುತ್ತು. ಊರಿನ ಹೆಂಗಸರ ಸಂಘ ಒಂದು ದೋಣಿ ಇಟ್ಟಿತ್ತು. ಹಾಲಿನ ಕ್ಯಾನು, ಸೊಪ್ಪಿನ ಮಂಕರಿ, ಕಾಲೇಜಿನ ಹುಡುಗಿಯರು, ಎಲ್ಲಾ ಅದರಲ್ಲೇ ಆಚೆ ದಡಕ್ಕೆ.

ದೋಣಿಗಿದ್ದದ್ದು ಒಂದು ಮುದಿ ಇಂಜಿನ್. ಹಗ್ಗ ಎಳೆದು ಅದನ್ನು ಹೊತ್ತಿಸುವ ವರಸೆ ಊರಲ್ಲಿ ಲತಾಮಣಿ ಒಬ್ಬಳಿಗೇ ಗೊತ್ತು. ಅಪ್ಪ ನಂಜಪ್ಪ ಮೇಷ್ಟ್ರು ಭಾನುವಾರ ತಮ್ಮ ಸ್ಕೂಟರಿನ ಕಾರ್ಬೊರೇಟರ್ ಬಿಚ್ಚುವಾಗ ಪಕ್ಕದಲ್ಲಿ ತಟ್ಟೆ ಹಿಡಿದು ಕೂತು ಕಲಿತದ್ದು. ಕಾರ್ಬೊರೇಟರ್ ಅಂದರೆ ಇಂಜಿನ್‌ಗೆ ಪೆಟ್ರೋಲು, ಗಾಳಿ ಕಲಸಿ ಉಣ್ಣಿಸುವ ಡಬ್ಬಿ. ಅದು ಕಟ್ಟಿಕೊಂಡರೆ ಇಂಜಿನ್ ಉಪವಾಸ. ಇಷ್ಟು ತಿಳಿದಿದ್ದಕ್ಕೇ ಸಂಘದವರು ದೋಣಿಯನ್ನು ಅವಳ ಕೈಗಿಟ್ಟಿದ್ದರು.

ಈಗ ಸಂಘಕ್ಕೆ ಹೊಸ ಇಂಜಿನ್ ಮಂಜೂರಾಗಿತ್ತು. ಯಾವುದು ಕೊಳ್ಳಬೇಕೆಂದು ಹೇಳಲು ಅರಸೀಕೆರೆಯ ಇಂಜಿನ್ ಅಂಗಡಿಯಿಂದ ಒಬ್ಬ ಬರುವವನಿದ್ದ.

ಬಂದ. ಬೇಲೂರಿನ ಕಡೆಯ ದಡದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ.

"ನಾನು ಲೋಕೇಶ್. ಜಾವಗಲ್‌ನೋನು. ದೋಣಿ ಓಡಿಸೋರು ಎಲ್ರೀ?"

ಲತಾಮಣಿ ಹಗ್ಗ ಎಳೆದಳು. ಇಂಜಿನ್ ಗುಡುಗಿತು. ಅದೇ ಉತ್ತರ.

ಹಾಲು ಹಾಕಿ ಖಾಲಿ ಕ್ಯಾನಿನೊಂದಿಗೆ ಮರಳುತ್ತಿದ್ದ ದ್ಯಾವಮ್ಮಜ್ಜಿ ಬಿಟ್ಟರೆ ದೋಣಿಯಲ್ಲಿ ಅವರಿಬ್ಬರೇ. ನಡುನೀರಿಗೆ ಬರುವಷ್ಟರಲ್ಲಿ ಇಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತೇ ಹೋಯಿತು.

ಲತಾಮಣಿ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಲೋಕೇಶ ಎದ್ದು ಹತ್ತಿರ ಬಂದ.

'ಈಗ ಸರೀರಿ, ನಾನ್ ನೋಡ್ತೀನಿ ಅಂತಾನೆ...' ಎಂದುಕೊಂಡಳು. ಹಲ್ಲು ಕಚ್ಚಿ ಕಾದಳು. ಹಾಗೇನಾದರೂ ಅಂದರೆ ಇವತ್ತು ಬಿಡುವುದಿಲ್ಲ.

ಅವನು ಮಂಡಿಯೂರಿ ಕೂತು ಎರಡೂ ಅಂಗೈ ಚಾಚಿದ.

"ನಾನೇನ್ ಹಿಡ್ಕೊಳ್ಲಿ?"

ಅವಳಲ್ಲಿ ಸಿದ್ಧವಾಗಿದ್ದ ಜಗಳ ಗಂಟಲಲ್ಲೇ ಕರಗಿತು. ಕಾರ್ಬೊರೇಟರಿನ ಬುಡ ಬಿಚ್ಚಿ, ಕಡಲೆಕಾಳಿನಷ್ಟಿದ್ದ ಹಿತ್ತಾಳೆಯ ಜೆಟ್ ತೆಗೆದು ಅವನ ಅಂಗೈ ಮೇಲಿಟ್ಟಳು. ಪೆಟ್ರೋಲು ಬರುವ ತೂತು ಇರುವುದು ಅದರಲ್ಲೇ.

"ಇದು ನೀರಿಗೆ ಬಿದ್ರೆ ಈಜ್ಕೊಂಡೇ ಊರಿಗೆ."

"ನಂಗೆ ಈಜು ಬರಲ್ಲ ಕಣ್ರೀ."

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ."

ದ್ಯಾವಮ್ಮಜ್ಜಿ ಕ್ಯಾನಿನ ಮೇಲೆ ಗಲ್ಲ ಊರಿ ನೋಡುತ್ತಿದ್ದಳು. "ಈವಮ್ಮನ್ನ ಮೂಗಿ ಅಂತಿದ್ದೆ ಕಣಪ್ಪ. ಮಾತಾಡ್ತಾಳೆ!"

ಲತಾಮಣಿ ಕಾರ್ಬೊರೇಟರಿನ ಬುಡದ ಕಸ ಒರೆಸಿ, ಅವನ ಅಂಗೈಯಿಂದ ಜೆಟ್ ಎತ್ತಿಕೊಂಡು ಊದಿದಳು. ಮುಷ್ಟಿ ಎಷ್ಟು ಬಿಗಿಹಿಡಿದಿದ್ದನೆಂದರೆ ಅಂಗೈಯಲ್ಲಿ ಅದರ ಗುರುತು ಮೂಡಿತ್ತು.

ಎಲ್ಲ ಜೋಡಿಸಿ ಹಗ್ಗ ಎಳೆದಳು. ಇಂಜಿನ್ ಹೊತ್ತಿತು.

ದಡದಲ್ಲಿ ಇಳಿದವನು ಅಂಗೈ ಮೂಸಿ ನಕ್ಕ.

"ಈ ಪೆಟ್ರೋಲ್ ವಾಸ್ನೆ ಏನ್ ಮಾಡಿದ್ರೂ ಹೋಗಲ್ಲ ಅಲ್ವಾ? ನಂಗಂತೂ ಸಣ್ಣೋನಿದ್ದಾಗಿಂದ ಇದಂದ್ರೆ ಇಷ್ಟ."

ಅಂದು ಸಂಜೆ ಲತಾಮಣಿ ನಿಂಬೆಸಿಪ್ಪೆ ಹುಡುಕಲಿಲ್ಲ.

ಆಮೇಲೆ ಅವನು ಬರತೊಡಗಿದ. ದೋಣಿಯ ಹಿಂಬದಿಯ ಅಳತೆಗೆ ಒಮ್ಮೆ, ಎಷ್ಟು ಭಾರ ಹೇರುತ್ತಾರೆ ನೋಡಲು ಇನ್ನೊಮ್ಮೆ. ಬಂದಾಗಲೆಲ್ಲ ಇಂಜಿನ್ ಪಕ್ಕದ ಹಲಗೆಯ ಮೇಲೇ ಕೂರುವನು. ತನ್ನ ಊರು, ತೆಂಗಿನ ತೋಟ, ತಪ್ಪಿಸಿಕೊಂಡ ಬಸ್ಸು, ಬಾಯಿಗೆ ಬಂದದ್ದೆಲ್ಲ ಹೇಳುವನು. ಅವಳು ತಲೆಯಾಡಿಸುವಳು.

"ಈ ಸದ್ದಲ್ಲಿ ನಿಮ್ಮ ದನೀನೇ ಕೇಳಲ್ಲ ನೋಡಿ," ಎಂದ ಒಂದು ದಿನ.

"ಕೇಳಿಸ್ಕೊಳ್ಳೋ ಅಂಥದ್ದು ಏನೂ ಹೇಳಿಲ್ಲ."

"ಯಾವಾಗ್ಲಾದ್ರೂ ಹೇಳೋ ಹಾಗಿದ್ರೆ ಇಂಜಿನ್ ಆಫ್ ಮಾಡಿ ಹೇಳಿ ಆಯ್ತಾ?"

ಅವಳು ನೀರಿನತ್ತ ಮುಖ ತಿರುಗಿಸಿ ನಕ್ಕಳು.

ಅಮ್ಮ ಹನುಮಮ್ಮನ ಕಣ್ಣು ತಪ್ಪಿಸುವುದು ಸುಲಭವಲ್ಲ. ರಾಗಿಮುದ್ದೆ ತಿರುವುತ್ತಲೇ ಶುರು ಮಾಡಿದಳು.

"ಜಾವಗಲ್ ಕೆಂಚಯ್ಯನ ಮಗನಂತೆ. ಒಳ್ಳೇ ಹುಡುಗನೇ ಇರ್ಬೋದು. ಆದ್ರೆ ನಾವು ಯಾವ ಜನ, ಅವ್ರು ಯಾವ ಜನ? ಅವ್ರ ಮನೆ ಹೊಸಿಲು ದಾಟಿಸ್ತಾರೇನೇ ನಮ್ಮನ್ನ?"

"ನಾನೇನ್ ಅಂದ್ನವ್ವ ಈಗ?"

"ನೀನು ಏನೂ ಅನ್ನಲ್ಲ. ನಂಗೆ ಭಯ ಆಗೋದೇ ಅದಕ್ಕೆ."

ಶಾಲೆಯ ಜಗುಲಿಯಲ್ಲಿ ಸಂಘದ ಸಭೆ ಸೇರಿತು. ಅಧ್ಯಕ್ಷೆ ಮಹದೇವಮ್ಮ ಕುರ್ಚಿಯಲ್ಲಿ, ಉಳಿದವರು ಚಾಪೆಯ ಮೇಲೆ. ಲತಾಮಣಿ ಕಂಬಕ್ಕೆ ಒರಗಿ ಕೂತಿದ್ದಳು.

"ಎರಡು ಥರ ಇದೆ," ಎಂದ ಲೋಕೇಶ. "ಒಂದು ಈಗಿರೋ ಥರದ್ದೇ, ಕಾರ್ಬೊರೇಟರ್. ಇನ್ನೊಂದು ಹೊಸಾದು, ಫ್ಯುಯಲ್ ಇಂಜೆಕ್ಷನ್."

"ಇಂಜಿನ್‌ಗೂ ಸೂಜಿ ಹಾಕ್ತಾರೇನಪ್ಪ?" ದ್ಯಾವಮ್ಮಜ್ಜಿ ಕೇಳಿದಳು. ಜಗುಲಿಯೆಲ್ಲ ನಗು.

"ಒಂಥರಾ ಹಂಗೇ ಕಣಜ್ಜಿ. ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಒಳಗೆ ಚುಚ್ಚುತ್ತೆ. ಚಳೀಲೂ ಕೀ ತಿರುಗಿಸಿದ್ರೆ ಸಾಕು. ಹೊಗೆ ಕಮ್ಮಿ, ಪೆಟ್ರೋಲೂ ಉಳಿಯುತ್ತೆ."

"ಕೆಟ್ರೆ?" ಮಹದೇವಮ್ಮ ಕೇಳಿದಳು.

"ಇಲ್ಲಿ ಬಿಚ್ಚೋಕಾಗಲ್ಲ. ಕಂಪ್ಯೂಟರ್ ಹಾಕಿ ನೋಡ್ಬೇಕು. ಫೋನ್ ಮಾಡಿ, ನಾನೇ ಬರ್ತೀನಿ."

"ಹಂಗಾರೆ ಯಾವುದು ತಗೊಳ್ಳಾನ, ನೀನೇ ಹೇಳು."

ಲೋಕೇಶ ಒಮ್ಮೆ ಕಂಬದ ಕಡೆ ನೋಡಿದ. "ಇಂಜೆಕ್ಷನ್ನೇ ತಗೊಳ್ಳಿ. ಲತಾಮಣಿಯವರಿಗೂ ಸುಲಭ. ಹಗ್ಗ ಎಳೆಯೋ ಕಷ್ಟ ಇರಲ್ಲ."

"ಕೀ ತಿರುಗ್ಸೋದೇ ಆದ್ರೆ ನಮ್ಮ ತಂಗಿ ಮಗನೇ ಓಡಿಸ್ತಾನೆ ಬಿಡು," ಎಂದಳು ಮಹದೇವಮ್ಮ. "ಸುಮ್ನೆ ಮನೇಲಿ ಕುಂತವ್ನೆ. ಪಾಪ, ಈ ಹೆಣ್ಣುಡುಗಿ ಎಷ್ಟು ದಿನ ಅಂತ ಎಳೆದಾಡ್ತದೆ."

ಕಂಬದ ಬಳಿ ಲತಾಮಣಿ ನೆಟ್ಟಗೆ ಕೂತಳು.

ದೋಣಿ... ತನ್ನ ದೋಣಿ. ನಾಲ್ಕು ಜನರ ಮುಂದೆ ಅವಳು ತಲೆ ಎತ್ತಿ ನಿಲ್ಲುವ ಜಾಗ ಇಡೀ ಊರಲ್ಲಿ ಅದೊಂದೇ. ಬಾಯಿ ತೆರೆದಳು. ದನಿ ಬರಲಿಲ್ಲ. ಮುಂದಿನ ಗುರುವಾರ ತೀರ್ಮಾನ ಮಾಡೋಣವೆಂದು ಸಭೆ ಎದ್ದಿತು.

ಅವನನ್ನು ಬೇಲೂರಿನ ದಡಕ್ಕೆ ಬಿಡುವಾಗ ಅವಳು ಇಂಜಿನ್ನಿನ ವೇಗ ಬೇಕೆಂದೇ ಜೋರು ಮಾಡಿದಳು.

'ಸುಲಭವಂತೆ ಸುಲಭ! ಇವನನ್ನು ಕೇಳಿದವರು ಯಾರು? ಅಂಗೈ ಚಾಚಿ ಕೂತಿದ್ದವನೂ ಇವನೇ, ಇವತ್ತು ಕೈಯಿಂದ ಹಗ್ಗ ಕಿತ್ತುಕೊಂಡವನೂ ಇವನೇ. ಕೆಟ್ಟರೆ ತಾನೇ ಬರಬೇಕಂತೆ, ನಾವು ಕಾಯುತ್ತ ಕೂರಬೇಕಂತೆ...'

"ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅವನು ಕೂಗಿ ಕೇಳಿದ.

"ದಡ ಬಂತು. ಇಳೀರಿ."

ಅವನು ಇಳಿದ. ತಿರುಗಿ ನೋಡುವಷ್ಟರಲ್ಲಿ ದೋಣಿ ದೂರ ಹೋಗಿತ್ತು.

ಬೆಳಗಿನ ಜಾವ ಡೈರಿ ತೆಗೆದಳು. ಅವನನ್ನು ಬೈದು ಬೈದು ಬರೆದಳು. ಬರೆಯುತ್ತ ಬರೆಯುತ್ತ ಪೆನ್ನು ನಿಂತಿತು.

'ಅದು ಸರಿ, ನನಗೇಕೆ ಕಾರ್ಬೊರೇಟರೇ ಬೇಕು? ನಡುನೀರಲ್ಲಿ ಕೈಯಿಂದಲೇ ಸರಿಮಾಡಬಹುದು ಅಂತಲೋ, ಅದು ನನ್ನ ಬಿಟ್ಟು ಇನ್ನೊಬ್ಬರ ಮಾತು ಕೇಳುವುದಿಲ್ಲ ಅಂತಲೋ?'

ಎರಡನೆಯದೂ ನಿಜ. ನಾಚಿಕೆಯಾಯಿತು. ಆದರೆ ಮೊದಲನೆಯದೇನು ಸುಳ್ಳಲ್ಲವಲ್ಲ? ಡೈರಿ ಮುಚ್ಚಿದಳು. ಈ ಸಲ ಬರೆದರೆ ಸಾಲದು, ಹೇಳಬೇಕು.

ಗುರುವಾರ ಮತ್ತೆ ಅದೇ ಜಗುಲಿ. ಲೋಕೇಶ ಒಂದು ಮೂಲೆಯಲ್ಲಿ ಕೂತಿದ್ದ. ಮಹದೇವಮ್ಮ, "ಇಂಜೆಕ್ಷನ್ದೇ ಅಂತ ಬರಕೊಳ್ಳಾನ ಅಲ್ವೇನ್ರೇ," ಎನ್ನುವಷ್ಟರಲ್ಲಿ ಕಂಬದ ಹತ್ತಿರ ಯಾರೋ ಎದ್ದು ನಿಂತರು.

"ಬೇಡ."

ಎಲ್ಲರೂ ತಿರುಗಿದರು. ಲತಾಮಣಿ ಬೆನ್ನನ್ನು ಕಂಬಕ್ಕೆ ಒತ್ತಿ ಹಿಡಿದಳು.

"ನಡುನೀರಲ್ಲಿ ಇಂಜಿನ್ ನಿಂತರೆ ದೋಣಿ ತುಂಬಾ ಜನ ಇರ್ತಾರೆ, ಮಹದೇವಮ್ಮತ್ತೆ. ಹಾಲಿರುತ್ತೆ. ಪರೀಕ್ಷೆಗೆ ಹೋಗೋ ಹುಡುಗೀರಿರ್ತಾರೆ. ಅರಸೀಕೆರೆಯಿಂದ ಬಸ್ಸಲ್ಲಿ ಬರೋರಿಗೆ ಕಾಯ್ತಾ ತೇಲೋಕಾಗಲ್ಲ. ನಮ್ಮ ಕೈಯಲ್ಲಿ ಬಿಚ್ಚಿ ಕಟ್ಟೋ ಇಂಜಿನ್ನೇ ನಮಗೆ ಬೇಕು."

"ನಿನ್ನೊಬ್ಬಳ್ನ ಬಿಟ್ರೆ ಯಾರಿಗ್ ಬತ್ತೈತವ್ವ ಅದು?"

"ಕಲಿಸ್ತೀನಿ. ಯಾರು ಬಂದ್ರೂ ಕಲಿಸ್ತೀನಿ. ನಿಮ್ಮ ತಂಗಿ ಮಗ ಬಂದ್ರೂ ಸರಿ. ಆದ್ರೆ ಹಗ್ಗ ಬಿಟ್ಟು ನಾನು ಕೆಳಗಿಳಿಯಲ್ಲ." ಉಸಿರು ಎಳೆದುಕೊಂಡಳು. "ಇನ್ನೊಂದು ಮಾತು. ನನಗೆ ಸುಲಭ ಆಗ್ಲಿ ಅಂತ ಯಾರೂ ಏನನ್ನೂ ಆರಿಸೋದು ಬೇಡ. ಸುಲಭದ್ದು ನಾನು ಕೇಳಿಲ್ಲ."



"ಏನಪ್ಪ ಲೋಕೇಶ, ಏನಂತೀಯ?" ಮಹದೇವಮ್ಮ ಮೂಲೆಯ ಕಡೆ ತಿರುಗಿ ಕೇಳಿದಳು.

ಲೋಕೇಶ ಎದ್ದ. "ಅವ್ರು ಹೇಳಿದ್ದೇ ಸರಿ. ಇಂಜೆಕ್ಷನ್ ಒಳ್ಳೇದೇ, ನಾನು ಸುಳ್ಳು ಹೇಳಿಲ್ಲ. ಆದ್ರೆ ರಿಪೇರಿ ಮಾಡೋರು ಹತ್ರ ಇರೋ ಊರಿಗೆ ಅದು. ನಿಮಗೆ ಕಾರ್ಬೊರೇಟರ್ರೇ ಸರಿ."

"ಮತ್ತೆ ಅವತ್ತು ಯಾಕಪ್ಪ ಹಂಗಂದೆ?"

ಅವನು ಚೀಲ ಹೆಗಲಿಗೇರಿಸಿದ.

ಸಂಜೆಯ ಹಾಲಿನ ಹೊತ್ತು. ದೋಣಿಯಲ್ಲಿ ತುಂಬಿದ ಕ್ಯಾನಿನ ಜೊತೆ ದ್ಯಾವಮ್ಮಜ್ಜಿ, ಇಂಜಿನ್ ಪಕ್ಕ ಬಿಟ್ಟು ಮುಂದಿನ ಹಲಗೆಯಲ್ಲಿ ಲೋಕೇಶ. ಸಂಘ ಒಪ್ಪಿದ ಹೊಸ ಕಾರ್ಬೊರೇಟರ್ ಇಂಜಿನ್ ಲಾರಿಯಲ್ಲಿ ಬರುತ್ತದೆ. ಇನ್ನು ಅವನು ಇತ್ತ ಬರುವ ಕೆಲಸವೇ ಇಲ್ಲ.

ನಡುನೀರು ಬಂತು. ಲತಾಮಣಿ ಅವನ ಬೆನ್ನನ್ನೇ ನೋಡುತ್ತಿದ್ದಳು.

ಇಂಜಿನ್ ನಿಂತಿತು.

"ಕೆಡ್ತೇನವ್ವ?" ಅಜ್ಜಿ ಗಾಬರಿಯಾದಳು.

"ಇಲ್ಲಜ್ಜಿ. ನಾನೇ ನಿಲ್ಲಿಸ್ದೆ."

ಲೋಕೇಶ ತಟ್ಟನೆ ತಿರುಗಿದ. ನೀರು ಹಲಗೆಗೆ ಬಡಿಯುವ ಸಣ್ಣ ಸದ್ದು ಬಿಟ್ಟರೆ ಸುತ್ತ ಮೌನ.

"ಅವತ್ತು ಇಂಜೆಕ್ಷನ್ ಅಂದಿದ್ದು ಯಾಕೆ?" ಅವಳು ಕೇಳಿದಳು.

ಅವನು ತಲೆ ತಗ್ಗಿಸಿದ. "ಕಾರ್ಬೊರೇಟರ್ ಆದ್ರೆ ನೀವೇ ಸರಿಮಾಡ್ಕೊತೀರ. ಇಂಜೆಕ್ಷನ್ ಆದ್ರೆ ಕೆಟ್ಟಾಗೆಲ್ಲ ನನ್ನೇ ಕರೀಬೇಕಾಗುತ್ತೆ..." ಹೆಗಲಿನ ಚೀಲ ಕೆಳಗಿಟ್ಟ. "ಸುಲಭ, ಗಿಲಭ ಎಲ್ಲಾ ನೆಪ. ಇಲ್ಲಿಗೆ ಬರೋಕೆ ನಂಗೊಂದು ದಾರಿ ಬೇಕಿತ್ತು. ಅದ್ರಿಂದ ನಿಮ್ಮ ದೋಣೀನೇ ಕೈತಪ್ಪುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತು."

ಲತಾಮಣಿಗೆ ನಗು ಬಂತು, ಕಣ್ಣೂ ತುಂಬಿತು. ಇಬ್ಬರದೂ ಒಂದೇ ಕಥೆ. ತಾನು ಬೇಕಾದವನಾಗಿರಲಿ ಎಂದು ಅವನೊಂದು ಇಂಜಿನ್ ಆರಿಸಿದ. ತಾನು ಬೇಕಾದವಳಾಗಿರಲಿ ಎಂದು ಅವಳೊಂದನ್ನು ಆರಿಸಿದಳು.

"ನಾನೂ ಮೊದಲು ಕಾರ್ಬೊರೇಟರ್ ಬೇಕು ಅಂದ್ಕೊಂಡಿದ್ದು ನನ್ನ ಜಾಗ ಯಾರೂ ಕಿತ್ಕೊಳ್ದಿರ್ಲಿ ಅಂತ."

ಅವನು ತಲೆ ಎತ್ತಿದ. ನಕ್ಕ. ನಗು ಅರ್ಧಕ್ಕೇ ಮಾಸಿತು.

"ನಮ್ಮವ್ವಂಗೆ ನಿಮ್ಮ ವಿಷಯ ಹೇಳಿದೀನಿ. ಯಾರ ಮಗಳು, ಯಾವ ಜನ, ಎಲ್ಲಾ. ಅವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ನಮ್ಮ ಮನೇಲಿ ಸುಲಭ ಇಲ್ಲ ಲತಾಮಣಿ."

"ಸುಲಭದ್ದು ಬೇಡ ಅಂತ ಈಗಷ್ಟೇ ಅಷ್ಟು ಜನರ ಮುಂದೆ ಹೇಳಿ ಬಂದಿದೀನಿ."

ಅವನು ಮುಂದಿನ ಹಲಗೆಯಿಂದ ಎದ್ದು, ತೂಗುವ ದೋಣಿಯಲ್ಲಿ ಜೋಪಾನವಾಗಿ ಹೆಜ್ಜೆಯಿಟ್ಟು ಬಂದು ಇಂಜಿನ್ ಪಕ್ಕದ ತನ್ನ ಹಳೆಯ ಜಾಗದಲ್ಲಿ ಕೂತ.

"ಮತ್ತೆ ನಾನೀಗ ಯಾವ ನೆಪ ಹೇಳ್ಕೊಂಡು ಬರ್ಲಿ?"

ಲತಾಮಣಿ ಇಂಜಿನ್ನಿನ ಕಡೆ ನೋಡಿದಳು. ಇಂಜಿನ್ ವಿಷಯವಾದರೆ ಹೇಗೋ ಹೇಳಿಬಿಡಬಹುದು. ಇದು ಅದಲ್ಲವಲ್ಲ... ಹಗ್ಗದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅದೇನೈತೋ ಬಿರ್ರನೆ ಹೇಳ್ಬುಡವ್ವ," ಎಂದಳು ದ್ಯಾವಮ್ಮಜ್ಜಿ, ಬೇಲೂರಿನ ಕಡೆ ನೋಡುತ್ತ. "ನನ್ನ ಹಾಲು ಒಡೆದೋಯ್ತದೆ."

ಲತಾಮಣಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. ಅವಳ ದನಿ ಸಣ್ಣದೇ ಇತ್ತು. ಆದರೆ ಆ ನಿಶ್ಶಬ್ದದಲ್ಲಿ ಒಂದಕ್ಷರವೂ ಕಳೆದುಹೋಗಲಿಲ್ಲ.

"ಇಂಜಿನ್ ಕೆಡದಿದ್ರೂ ಬನ್ನಿ."