ಒಂದು ಸಾಲು ಹೊಡೆಯುವ ಹಕ್ಕು

ಮೂರನೇ ಸಾಲಿಗೇ ಅವಳ ಕಿವಿ ಬಿಸಿಯಾಯಿತು.

"'ಬುರುಜಿನ ಗಂಟೆ ಏಳು ಸಲ ಮೊಳಗಿತು,'" ಎಂದು ಅಕ್ಕ ನಾಟಕದವರ ಗತ್ತಿನಲ್ಲಿ ಓದುತ್ತಿದ್ದಳು. "'ಕಾವಲುಗಾರ್ತಿಗೆ ಏಳೂ ಸಲ ಕೇಳಿಸಿತು. ಬೆಳಿಗ್ಗೆ ಆ ಮುದಿ ದಳಪತಿ ಉಪ್ಪು ಜಾಸ್ತಿಯೆಂದು ತಟ್ಟೆ ತಳ್ಳಿದ್ದ. ಬಡಿದುಕೊಳ್ಳಲಿ ಬಿಡು ಎಂದುಕೊಂಡು ಅವಳು ಗೋಡೆಯತ್ತ ತಿರುಗಿ ಕೂತಳು.'"

"ಸಖತ್!" ಅಂದರು ಭಾವ. "ಬರೆದ್ರೆ ಹೀಗೆ ಬರೀಬೇಕು."

ಅವಳು ಎಡಕ್ಕೆ ತಿರುಗಿದಳು. ಅಲ್ಲಿ ಕೂತಿದ್ದ ಲಿಫ್ಟ್ ಮೆಕ್ಯಾನಿಕ್ ತನ್ನ ಉಗುರುಗಳನ್ನೇ ನೋಡುತ್ತಿದ್ದ. ಎಷ್ಟು ತಿಕ್ಕಿದರೂ ಅಂಚಿನಲ್ಲಿ ಗ್ರೀಸಿನ ಕಪ್ಪು ಉಳಿಯುವ ಆ ಕೈಗಳನ್ನು ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಅವಳು ಕದ್ದು ನೋಡುತ್ತಾ ಬಂದಿದ್ದಳು. ಇವತ್ತು ಹಿಡಿದು ಕಚ್ಚಬೇಕೆನಿಸಿತು.

ಅಕ್ಕನ ಮನೆಯ ಊಟದ ಮೇಜು ಭಾನುವಾರ ಬೆಳಿಗ್ಗೆ ಹತ್ತಕ್ಕೆ ರಾಜ್ಯವಾಗುತ್ತಿತ್ತು. ವಾರವೆಲ್ಲ ಮಕ್ಕಳಿಗೆ ಗಣಿತ ಹೇಳಿ ಗಂಟಲು ಹರಿದುಕೊಳ್ಳುವ ಅಕ್ಕ ಅವತ್ತು ಕಥೆ ನಡೆಸುವವಳು. ಹಲ್ಲಿನ ಡಾಕ್ಟರಾದ ಭಾವ ಜೇಬುಗಳ್ಳ. ಮೆಕ್ಯಾನಿಕ್ ಮೂಕ ಬಿಲ್ಲುಗಾರ. ಅವಳು, ಮುತ್ತಿಗೆಯ ದಿನ ಕೋಟೆ ಬಿಟ್ಟು ಓಡಿಬಂದ ಕಾವಲುಗಾರ್ತಿ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ ಅದು; ದಾಳ ಉರುಳಿಸಬೇಕು, ಬಿದ್ದದ್ದಕ್ಕೆ ತಕ್ಕಂತೆ ನಡೆಯಬೇಕು.

ಆ ಮೇಜಿಗೆ ಒಂದು ವಿಚಿತ್ರ ಕಟ್ಟಳೆಯಿತ್ತು. ಪಾತ್ರದ ಹಿಂದಿನ ಕಥೆಯನ್ನು ಆಡುವವರು ಬರೆಯುವಂತಿಲ್ಲ, ಎಡಗಡೆ ಕೂತವರು ಬರೆಯಬೇಕು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎನ್ನುವುದು ಅಕ್ಕನ ವಾದ. ಕಾವಲುಗಾರ್ತಿ ಯಾಕೆ ಓಡಿದಳು? ಒಳ್ಳೆಯವಳೋ ಕೆಟ್ಟವಳೋ? ಎರಡು ವಾರ ಕೂತು ಬರೆದು, ಮೆಕ್ಯಾನಿಕ್ ಇವತ್ತು ಲಕೋಟೆ ಕೊಟ್ಟಿದ್ದ.

ಆದರೆ ಆ ಏಳು ಗಂಟೆ ಕಥೆಯದಲ್ಲ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದ ಅಪ್ಪ ಅವಳಿಗೆ ಮಾಡಿದ ಏಳು ಫೋನು. ತಾನು ಕೆಲಸ ಮಾಡುವ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಸೀಸದ ಏಪ್ರನ್ ತೊಟ್ಟು ನಿಂತಿದ್ದವಳು, ಏಳೂ ಸಲ ಪರದೆಯ ಮೇಲೆ 'ಅಪ್ಪ' ಎಂದು ಬೆಳಗಿದ್ದನ್ನು ನೋಡಿ, ಫೋನನ್ನು ಮಗುಚಿ ಹಾಕಿದ್ದಳು. ಮೂರನೇ ದಿನ ಅಪ್ಪ ಹೋದರು. ಫೋನು ಲಾಕರಿನಲ್ಲಿತ್ತು ಎಂದು ಅಕ್ಕನಿಗೆ ಹೇಳಿದ್ದಳು. ಅಕ್ಕ ನಂಬಿದ್ದಳು.

ನಿಜ ಹೇಳಿದ್ದು ಒಬ್ಬನಿಗೇ. ಹೋದ ತಿಂಗಳು, ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಬಂದಿದ್ದ ಇದೇ ಮೆಕ್ಯಾನಿಕ್ ಜೊತೆ ಟೆರೇಸಿನ ಮೆಟ್ಟಿಲ ಮೇಲೆ ಊಟದ ಡಬ್ಬಿ ಹಂಚಿಕೊಳ್ಳುವಾಗ.

"'ತಪ್ಪು ಅವಳದಲ್ಲ,'" ಅಕ್ಕ ಮುಂದುವರಿಸಿದಳು. "'ಆ ಮುದುಕ ದಿನಾ ಗಂಟೆ ಬಾರಿಸುತ್ತಿದ್ದ. ಕನ್ನಡಕ ಸಿಗಲಿಲ್ಲವೆಂದು. ಪಕ್ಕದ ಮನೆಯ ಬೆಕ್ಕು ಬಂತೆಂದು...'"

ಅಕ್ಕನಿಗೆ ನಗು ಬಂತು. "ಅಯ್ಯೋ, ನಮ್ಮಪ್ಪಾನೂ ಹೀಗೇ. ಬೆಕ್ಕು ಬಂತು ಅಂತ ಕ್ಲಾಸ್ ಮಧ್ಯ ಫೋನ್ ಮಾಡೋರು." ನಗು ಅಷ್ಟಕ್ಕೇ ನಿಂತಿತು. ಅವಳು ಕಾಗದ ನೋಡಿದಳು. ತಂಗಿಯನ್ನು ನೋಡಿದಳು. ಮತ್ತೆ ಕಾಗದ ನೋಡಿದಳು.

ಏನೂ ತಿಳಿಯದ ಭಾವ ಮೇಜು ಬಡಿದರು. "ಎಕ್ಸ್‌ರೇ ಮೇಡಂ, ರೂಲ್ ಪ್ರಕಾರ ಒಂದೇ ಒಂದು ಸಾಲು ಹೊಡೆದುಹಾಕ್ಬಹುದು. ಯಾವ್ದು ಬೇಡ ಹೇಳಿ."

ಅಕ್ಕ ಕಾಗದವನ್ನು ಇತ್ತ ತಳ್ಳಿದಳು. ಮೆಕ್ಯಾನಿಕ್ ಪೆನ್ನು ಕೊಟ್ಟ. ಕೊಡುವಾಗ ಅವನ ಬೆರಳು 'ಏಳೂ ಸಲ ಕೇಳಿಸಿತು' ಎಂಬ ಸಾಲಿನ ಮೇಲೆ ನಿಂತಿತು. ಇದನ್ನ ಹೊಡಿ, ಅಂದವು ಕಣ್ಣು. ಅದೊಂದನ್ನು ಹೊಡೆದರೆ ಸಾಕಿತ್ತು. ಕಾವಲುಗಾರ್ತಿಗೆ ಏನೂ ಕೇಳಿಸಿರುವುದಿಲ್ಲ, ಲಾಕರಿನ ಕಥೆ ಲಾಕರಿನಲ್ಲೇ ಇರುತ್ತದೆ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟ ಮಾಡಬಹುದು.

ಅವಳಿಗೆ ಮೈಯೆಲ್ಲ ಉರಿಯಿತು. ಅವನ ಬೆರಳನ್ನು ಪಕ್ಕಕ್ಕೆ ತಳ್ಳಿ, 'ತಪ್ಪು ಅವಳದಲ್ಲ' ಎಂಬುದರ ಮೇಲೆ ಗೆರೆ ಎಳೆದಳು. ಕಾಗದ ಹರಿಯುವಷ್ಟು ಒತ್ತಿ.

"ಲಾಕರಲ್ಲಿ ಇರ್ಲಿಲ್ವಾ?" ಅಕ್ಕ ಕೇಳಿದಳು.

"ಕೈಯಲ್ಲೇ ಇತ್ತು."

"ಎರಡು ವರ್ಷ!"

"ಹೂಂ."

"ಎರಡು ವರ್ಷ ನಾನು ಆ ಆಸ್ಪತ್ರೆಯವರಿಗೆ ಶಾಪ ಹಾಕಿದ್ದೀನಿ ಕಣೇ. ಫೋನ್ ಒಳಗೆ ತಗೊಂಡು ಹೋಗೋಕೆ ಬಿಡಲ್ಲ, ಎಂಥ ಜನ ಅಂತ."

"ಗೊತ್ತು. ಕೇಳಿಸ್ಕೊಂಡು ಸುಮ್ನಿದ್ದೆ."

ಅಕ್ಕ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. "ಇವತ್ತು ನನ್ನ ಕಣ್ಮುಂದೆ ಇರ್ಬೇಡ. ಹೋಗು." ಅಡುಗೆಮನೆಯ ಬಾಗಿಲಲ್ಲಿ ನಿಂತು, ತಿರುಗದೆಯೇ ಅಂದಳು, "ನಾಳೆ ಬಾ. ನಾಳೆ ಬೈತೀನಿ. ಈಗ ಬೈದ್ರೆ ಏನಾದ್ರೂ ಆಡ್ಬಾರದ್ದು ಬಾಯಿಗೆ ಬಂದುಬಿಡುತ್ತೆ."

ಅವಳು ಮೂರನೇ ಮಹಡಿಯಿಂದ ಧಡಧಡ ಇಳಿದಳು. ಹಿಂದೆ ಹೆಜ್ಜೆ ಸದ್ದು ಕೇಳಿದಾಗ ಮೊದಲ ಮಹಡಿಯ ತಿರುವಿನಲ್ಲಿ ಗಕ್ಕನೆ ನಿಂತಳು.

"ಬರ್ಬೇಡಿ ನೀವು."

ಎರಡು ತಿಂಗಳಿಂದ 'ನೀನು' ಆಗಿದ್ದವನು ಈ 'ನೀವು' ಕೇಳಿ ಕಪಾಳಕ್ಕೆ ಬಿದ್ದವನಂತೆ ಗೋಡೆ ಹಿಡಿದ. "ಹೆಸರು ಹಾಕಿಲ್ಲ, ಕೋಟೆ ಅಂತ ಬರೆದೆ, ದಳಪತಿ ಅಂತ ಬರೆದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ..."

"ಬೆಕ್ಕು ಯಾಕ್ರೀ ಬೇಕಿತ್ತು? ದಳಪತಿಗೆ ಬೆಕ್ಕು ಯಾಕೆ?"

"ಅದು... ಚೆನ್ನಾಗಿತ್ತು."

"ಚೆನ್ನಾಗಿತ್ತು!" ಅವಳ ಕೂಗಿಗೆ ಕೆಳಗೆ ಯಾರೋ ಬಾಗಿಲು ತೆರೆದು, ನೋಡಿ, ಮುಚ್ಚಿಕೊಂಡರು. "ನಿಮಗೆ ಚೆನ್ನಾಗಿದೆ ಅಂತಲಾ ನಾನು ಹೇಳಿದ್ದು? ಡಬ್ಬಿ ಜೊತೆಗೆ ಉಪ್ಪಿನಕಾಯಿ ಹಾಗೆ?"

"ಅಲ್ಲ. ಅವತ್ತು ಹೇಳಿ ಮುಗಿಸಿ ನೀನು ನಕ್ಕೆ. ಆ ನಗು ನನ್ನ ಕೈಲಿ ನೋಡೋಕಾಗ್ಲಿಲ್ಲ. ನಿನಗೊಂದು ಕಾರಣ ಹುಡುಕಿ ಕೊಡೋಣ ಅನ್ನಿಸ್ತು. ಆಟದಲ್ಲಾದ್ರೂ ಅದು ನಿನ್ನ ತಪ್ಪಲ್ಲ ಅಂತ ಯಾರಾದ್ರೂ ಓದಿ ಹೇಳ್ಲಿ ಅಂತ."

"ನನ್ನ ತಪ್ಪಿಗೆ ಕಾರಣ ಹುಡುಕೋಕೆ ನೀನ್ಯಾರು? ಬಾಗಿಲು ಸಿಕ್ಕಿಕೊಂಡ್ರೆ ಎಣ್ಣೆ ಬಿಡೋ ಹಾಗೆ ಇದೂ ಒಂದು ರಿಪೇರಿನಾ?"

"ಎಣ್ಣೆ ಬಿಡೋದಷ್ಟೇ ನನಗೆ ಬರೋದು."

"ನಾನು ಬೇಕೂಂತ ಎತ್ತಲಿಲ್ಲ. ಕೇಳಿಸ್ತಾ? ಬೇಕೂಂತ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಅವರಿಗೆ ಸ್ನಾನ ಮಾಡಿಸಿ, ಬಡಿಸಿ, ಕೊನೆಗೆ ತಟ್ಟೆ ತಳ್ಳಿಸ್ಕೊಂಡು ಬಂದಿದ್ದೆ. ಒಂದು ದಿನ ಅವರೂ ಕಾಯ್ಲಿ ಅನ್ನಿಸ್ತು. ನನ್ನ ಅಪ್ಪ. ನನ್ನ ಸಿಟ್ಟು. ಅದನ್ನ ಮಾಫಿ ಮಾಡೋ ಹಕ್ಕು ನಿನಗೆ ಯಾರು ಕೊಟ್ರು?"

ಅವನು ಗೋಡೆಯಿಂದ ಕೈ ತೆಗೆದ. "ನಿನ್ನ ಕಂಡ್ರೆ ನನಗೆ ತುಂಬ ಇಷ್ಟ."

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಈಗ? ಹೇಳೋಕೆ ಈಗ ಸಿಕ್ತಾ ಹೊತ್ತು?"

"ನಾಲ್ಕು ತಿಂಗಳಿಂದ ಹೇಳ್ಬೇಕು ಅಂತಿದ್ದೆ. ಚಂದದ ಹೊತ್ತು ನೋಡಿ ಹೇಳೋಣ ಅಂತ. ಇನ್ಮೇಲೆ ಅಂಥ ಹೊತ್ತು ಬರಲ್ಲ ಅನ್ನಿಸ್ತು."

ನಗು ಬರಬಾರದ ಜಾಗದಲ್ಲಿ ಬಂತು. ಅದನ್ನು ನುಂಗಲು ಹೋಗಿ ಅಳುವೇ ಬಂತು. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನು ಹತ್ತಿರ ಬರಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ನಾಲ್ಕು ಮೆಟ್ಟಿಲು ಮೇಲೆ ಸುಮ್ಮನೆ ಕೂತ. ಅವಳು ಎಷ್ಟು ಹೊತ್ತು ಅತ್ತಳೋ ಅಷ್ಟು ಹೊತ್ತೂ ಕೂತಿದ್ದ.

"ತಪ್ಪು ನಿನ್ನದೇ," ಅಂದ ಕೊನೆಗೆ, ಬಹಳ ಕಷ್ಟಪಟ್ಟು. "ಫೋನ್ ಎತ್ಬೇಕಿತ್ತು."

ಎರಡು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಇನ್ನೊಬ್ಬರ ಬಾಯಲ್ಲಿ ಅದು ಅಷ್ಟು ದೊಡ್ಡದಾಗಿ ಕೇಳಲಿಲ್ಲ. ಹೊತ್ತುಕೊಳ್ಳಬಹುದಾದಷ್ಟೇ ಇತ್ತು. ಅವಳು ಸೆರಗಿನಿಂದ ಮುಖ ಒರೆಸಿದಳು.

"ಈಗಲೂ ಇಷ್ಟಾನಾ?"

"ಈಗಲೂ."

"ನಿನ್ನ ಮೇಲೆ ನನ್ನ ಸಿಟ್ಟು ಇಳಿದಿಲ್ಲ. ಬೇಗ ಇಳಿಯೋದೂ ಇಲ್ಲ."

"ಇರ್ಲಿ."

"ತಿಂಗಳುಗಟ್ಟಲೆ ಇರುತ್ತೆ. ನಾನು ಅಂಥವಳೇ. ಅಪ್ಪನ ಮಗಳು."

"ಹಾಗಿದ್ರೆ ಅಲ್ಲಿವರೆಗೂ ನನ್ನ ಮುಖ ನೋಡಲ್ವಾ?"

ಅವಳು ಎದ್ದು ಅವನನ್ನು ನೇರವಾಗಿ ನೋಡಿದಳು, ಇಷ್ಟು ದಿನ ಕದ್ದು ನೋಡುತ್ತಿದ್ದುದನ್ನೆಲ್ಲ ಒಂದೇ ಸಲ.

"ಮುಖ ನೋಡ್ದೆ ಸಿಟ್ಟು ಮಾಡೋದು ಹೇಗೋ, ದಡ್ಡ? ದಿನಾ ಬಾ."