ಹೊಟ್ಟೆ ಕೆತ್ತಿದ ಕಂಬ

"ನನ್ನ ಕಂಬಗಳನ್ನ ಉಪವಾಸ ಕೆಡವಿದ್ದು ಯಾರು?"

ಚೌಕದ ಆ ತುದಿಯಿಂದಲೇ ಕೂಗುತ್ತ ಬಂದ ಇಸೆಪ್ಪೊ. ಮೊಂತೆಲ್ಲಾರೊ ಊರಿನ ಹಳೆಯ ಧಾನ್ಯದ ಮಳಿಗೆಗೆ ಹೊಸ ಮುಖಮಂಟಪದ ನಕ್ಷೆ ಬರೆದವನು ಅವನೇ. ಕಲ್ಲಿಗೆ ಕೈ ಹಾಕುವ ಮೊದಲು ಅದೇ ಎತ್ತರಕ್ಕೆ, ಅದೇ ಅಗಲಕ್ಕೆ ಮರದಲ್ಲಿ ಅದರ ಮಾದರಿ ಕಟ್ಟಿ ಚೌಕದಲ್ಲಿ ನಿಲ್ಲಿಸಬೇಕು. ಊರ ಸಭೆಯವರು ಬಂದು ನೋಡಿ ಒಪ್ಪಬೇಕು. ಅಲ್ಲಿಯ ಪದ್ಧತಿ ಹಾಗೆ. ಆ ಮರದ ಮಂಟಪ ಕಟ್ಟುವ ಹೊಣೆ ಒರ್ಸೆಟ್ಟಾಳದು. ಬಡಗಿ ಗಂಡ ತೀರಿಕೊಂಡ ಮೇಲೆ ಅವನ ಕಾರ್ಖಾನೆಯನ್ನು ಯಾರ ಹಂಗೂ ಇಲ್ಲದೆ ನಡೆಸುತ್ತಿದ್ದವಳು ಅವಳು.

ಏಣಿಯ ಮೇಲಿದ್ದ ಒರ್ಸೆಟ್ಟಾ ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆಯನ್ನು ನಿಧಾನವಾಗಿ ತೆಗೆದಳು. "ಬೆಳಿಗ್ಗೆ ಬೆಳಿಗ್ಗೆ ಏನು ಮೇಸ್ತ್ರಿ ನಿಮ್ಮ ರಂಪ?"

"ಕಂಬದ ಹೊಟ್ಟೆ ಎಲ್ಲಿ ಹೋಯ್ತು ಅಂತ ಕೇಳ್ತಿದ್ದೀನಿ!"

"ಓ, ಅದಾ? ನಿಮ್ಮ ಗೆರೆ ನಡುವೆ ಉಬ್ಬಿಕೊಂಡಿತ್ತು. ಪಾಪ, ವೈನ್ ಒಂದು ಲೋಟ ಹೆಚ್ಚಾಗಿ ಕೈ ನಡುಗಿರಬೇಕು ಅಂದುಕೊಂಡೆ. ನಾನೇ ಉಜ್ಜಿ ನೆಟ್ಟಗೆ ಮಾಡಿದೆ. ಉಪಕಾರ ಆಯ್ತು ಅನ್ನೋದು ಬಿಟ್ಟು ಕೂಗಾಡ್ತೀರಲ್ಲ!"

"ಕೈ ನಡುಗಿತ್ತಾ?" ಇಸೆಪ್ಪೊನ ಕಿವಿ ಕೆಂಪಾಯಿತು. "ರೋಮಿನ ಬಿಸಿಲಲ್ಲಿ, ಮುರಿದುಬಿದ್ದ ಗುಡಿಗಳ ಕಂಬ ಹತ್ತಿ, ಅಳತೆ ತಗೊಂಡು ಕಲಿತ ಉಬ್ಬು ಕಣ್ರೀ ಅದು! ಇಳಿದು ಬನ್ನಿ ಕೆಳಗೆ."

ಅವಳು ಇಳಿದಳು. ಲಂಗದ ಅಂಚಿಗೆ ಅಂಟಿದ್ದ ಮರದ ಹೊಟ್ಟನ್ನು ಕೊಡವಿಕೊಂಡಳು. ಅವನ ಕಣ್ಣು ಒಂದು ಗಳಿಗೆ ಆ ಕೈಗಳ ಮೇಲೇ ನಿಂತಿತು. ಅವಳು ನೋಡಿದ್ದು ಗೊತ್ತಾಗಿ ಥಟ್ಟನೆ ಕಂಬದ ಕಡೆ ತಿರುಗಿತು. ಈ ಆಟ ಚಳಿಗಾಲದಿಂದಲೂ ನಡೆದೇ ಇತ್ತು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಗೊತ್ತಿಲ್ಲದವರ ಹಾಗಿದ್ದರು.

ಅವನು ಅವಳನ್ನು ಚೌಕದ ಆಚೆಯ ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದ. ಹಿಂದೆ ನಿಂತು, ಭುಜದ ಪಕ್ಕದಿಂದ ಬೆರಳು ಚಾಚಿದ. ಅವನ ತೋಳಿನಿಂದ ಸುಣ್ಣದ ವಾಸನೆ ಬರುತ್ತಿತ್ತು.

"ಈಗ ನೋಡಿ. ಅಳತೆ ಮರೆತುಬಿಡಿ, ಸುಮ್ಮನೆ ನೋಡಿ."

ಒರ್ಸೆಟ್ಟಾ ನೋಡಿದಳು. ಅಯ್ಯೋ ದೇವರೇ! ತಾನೇ ದಾರ ಹಿಡಿದು ನೆಟ್ಟಗೆ ಮಾಡಿದ ಕಂಬಗಳು. ನಾಲ್ಕಕ್ಕೂ ನಡು ಸೊರಗಿ ಹೋಗಿತ್ತು. ಜ್ವರ ಬಂದು ಎದ್ದವರ ಹಾಗೆ ನಿಂತಿದ್ದವು.

"ನೆಟ್ಟಗಿರೋದು ನೆಟ್ಟಗೆ ಕಾಣಲ್ಲ," ಇಸೆಪ್ಪೊನ ದನಿ ತಗ್ಗಿತ್ತು. "ಕಣ್ಣು ಮೋಸ ಮಾಡುತ್ತೆ. ಅದಕ್ಕೇ ಹಳಬರು ಕಂಬಕ್ಕೆ ಒಂಚೂರು ಹೊಟ್ಟೆ ಇಡ್ತಿದ್ದರು. ಕಣ್ಣಿನ ಸುಳ್ಳಿಗೆ ಕಟ್ಟೋನು ಮೊದಲೇ ಒಂದು ಸುಳ್ಳು ಹೇಳಿಟ್ಟಿರಬೇಕು."

"ಹಾಗಾದರೆ ನಿಮ್ಮ ಕಣ್ಣು ಹೇಳೋದೂ ಸುಳ್ಳೇನಾ ಮೇಸ್ತ್ರಿ?" ತಿರುಗದೆಯೇ ಕೇಳಿದಳು.

ಅವನು ಚಾಚಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಬೇರೆಯೇ ಮಾತು ತೆಗೆದ. "ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಸಭೆಯವರು ಬರ್ತಾರೆ. ಒಪ್ಪದಿದ್ದರೆ ಸೋಮವಾರ ವ್ಯಾಪಾರಿಗಳ ಜತೆ ಪೋಲೆಂಡಿಗೆ ಹೊರಡ್ತೀನಿ. ಅಲ್ಲೊಬ್ಬ ದೊರೆ ಅರಮನೆ ಕಟ್ಟಿಸೋಕೆ ಕರೆದಿದ್ದಾನೆ."

ಒರ್ಸೆಟ್ಟಾ ಗರಕ್ಕನೆ ತಿರುಗಿದಳು. "ಪೋಲೆಂಡಿಗಾ? ಅಲ್ಲಿ ಮೂಗು ಉದುರಿ ಹೋಗೋ ಚಳಿಯಂತೆ."

"ಇಲ್ಲಿ ನನ್ನನ್ನ ಹಿಡಿದಿಡೋಕೆ ಏನಿದೆ, ನೀವೇ ಹೇಳಿ."

ನಾನಿದ್ದೀನಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹಾಳು ನಾಲಿಗೆ, ಬೇರೆಯದನ್ನೇ ಹೇಳಿತು. "ಮಳಿಗೆ ಇದೆ. ಮಳಿಗೆ ಕಟ್ಟಬೇಕಲ್ಲ."

"ಹೂಂ. ಮಳಿಗೆ," ಅಂದ ಇಸೆಪ್ಪೊ. ಅವನ ಮುಖ ಬಾಡಿತು.

ಅವನು ಹೋದ ಮೇಲೂ ಅವಳು ಬಾವಿಕಟ್ಟೆಯ ಹತ್ತಿರವೇ ನಿಂತಿದ್ದಳು. ಅವನನ್ನು ಪೋಲೆಂಡಿಗೆ ಅಟ್ಟಲು ಹೊರಟಿರುವುದು ತನ್ನ ಉಳಿಯೇ! ಯೋಚಿಸಿದಷ್ಟೂ ಮೈ ಉರಿಯಿತು. ಕೊನೆಗೆ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡಳು. ಇವನು ಎಲ್ಲಿಗೂ ಹೋಗಕೂಡದು. ಅದಕ್ಕೆ ಏನು ಮಾಡಬೇಕೋ ಅದನ್ನು ಮಾಡಿಯೇ ತೀರುತ್ತೇನೆ ಅಂದುಕೊಂಡಳು.

ಹೊಸ ಮರ ತರಿಸಿ ಕೆತ್ತಲು ಸಮಯವಿರಲಿಲ್ಲ. ಆದರೆ ಒರ್ಸೆಟ್ಟಾ ಹುಟ್ಟಿದ್ದು ವೈನ್ ಪೀಪಾಯಿ ಮಾಡುವವರ ಮನೆಯಲ್ಲಿ. ಹಲಗೆಯನ್ನು ಬೆಂಕಿಗೆ ಹಿಡಿದು ಬಾಗಿಸುವುದು ಅವಳಿಗೆ ಬ್ರೆಡ್ ಮುರಿದಷ್ಟೇ ಸಲೀಸು. ತೆಳ್ಳಗಿನ ಹಲಗೆಗಳನ್ನು ಬಾಗಿಸಿ ಕಂಬಕ್ಕೆ ಸುತ್ತ ಹೊದಿಸಿದಳು, ಪಟ್ಟಿ ಬಿಗಿದು ಮೇಲೆ ಸುಣ್ಣ ಬಳಿದಳು. ಇಸೆಪ್ಪೊ ಪಕ್ಕದಲ್ಲೇ ನಿಂತು ಉಬ್ಬು ಎಲ್ಲಿ ಏಳಬೇಕು, ಎಲ್ಲಿ ಕರಗಬೇಕು ಎಂದು ಗೆರೆ ಎಳೆದು ಕೊಡುತ್ತಿದ್ದ.

ಬ್ರೆಡ್ ಸುಡುವ ಮೆನೆಗಾ ಒಲೆಯ ಮುಂದಿನಿಂದಲೇ ನೋಡಿ ನೋಡಿ ಸಾಕಾಗಿ ಎದ್ದು ಬಂದಳು. "ಏನೇ ಒರ್ಸೆಟ್ಟಾ, ಕಂಬಕ್ಕೆ ಬಟ್ಟೆ ಹೊಲಿಸ್ತಿದ್ದೀಯಾ, ಇಲ್ಲಾ ಮದುವೆಗೆ ಅಳತೆ ಕೊಡ್ತಿದ್ದೀಯಾ?"

"ಬಾಯಿ ಮುಚ್ಚೇ! ಬ್ರೆಡ್ ಸೀದು ಹೋಗುತ್ತೆ ನೋಡ್ಕೋ."

"ಸೀಯಲಿ ಬಿಡು. ವಿಧವೆ ಮತ್ತೆ ಮದುವೆಯಾದರೆ ಊರವರೆಲ್ಲ ಕಿಟಕಿ ಕೆಳಗೆ ಪಾತ್ರೆ ಬಡೀತಾರೆ, ಗೊತ್ತಲ್ಲ? ನಾನಂತೂ ದೊಡ್ಡ ಬಾಣಲೆ ಎತ್ತಿಟ್ಟಿದ್ದೀನಿ."

ಇಸೆಪ್ಪೊ ತಲೆ ಬಗ್ಗಿಸಿ ಗೆರೆ ಎಳೆಯುತ್ತಲೇ ಇದ್ದ. ಗೆರೆ ಮಾತ್ರ ಸೊಟ್ಟಗಾಯಿತು.

ಶನಿವಾರ ಸಂಜೆಯ ಹೊತ್ತಿಗೆ ಮೂರು ಕಂಬ ಮುಗಿದವು. ಒರ್ಸೆಟ್ಟಾ ಉಪಕರಣಗಳನ್ನು ಚೀಲಕ್ಕೆ ತುಂಬಿದಳು.

"ನಾಲ್ಕನೇದು?" ಅಂದ ಇಸೆಪ್ಪೊ.

"ಅದು ಹಾಗೇ ಇರುತ್ತೆ."

"ತಮಾಷೆ ಮಾಡಬೇಡಿ."

"ತಮಾಷೆ ಅಲ್ಲ. ಸುಣ್ಣ ಬಳಿದಿದ್ದೀನಿ, ಸಾಕು. ನಾಳೆ ನೀವು ಬಾಯಿ ತೆಗೀಬಾರದು, ಅಷ್ಟೇ."

ಅವನು ಅವಳನ್ನೇ ನೋಡಿದ. ಕೋಪಕ್ಕಿಂತ ನೋವೇ ಹೆಚ್ಚಿತ್ತು ಆ ನೋಟದಲ್ಲಿ. "ನಾನು ಈ ಊರು ಬಿಟ್ಟು ಹೋಗಲಿ ಅಂತ ನಿಮಗಿದ್ದರೆ ಬಾಯಿಬಿಟ್ಟು ಹೇಳಿ ಒರ್ಸೆಟ್ಟಾ. ನನ್ನ ಕೆಲಸ ಯಾಕೆ ಕೆಡಿಸ್ತೀರಿ?"

ಅವಳ ಕಣ್ಣಲ್ಲಿ ನೀರು ಚಿಮ್ಮಿತು. ಆದರೂ ಗಟ್ಟಿಯಾಗಿ ನಿಂತಳು. "ನಾಳೆ ಹೇಳ್ತೀನಿ. ಬಾಯಿಬಿಟ್ಟೇ ಹೇಳ್ತೀನಿ. ಒಂದು ರಾತ್ರಿ ನನ್ನನ್ನ ನಂಬೋಕಾಗಲ್ವಾ?"

ಅವನು ಹೊರಟುಹೋದ. ಆದರೆ ಕಂಬಕ್ಕೆ ಕೈ ಹಚ್ಚಲಿಲ್ಲ.

ಭಾನುವಾರ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಭೆಯ ಹಿರಿಯ ಕೌಂಟ್ ಎರ್ಕೊಲೆ ಹೊಟ್ಟೆ ಮುಂದೆ ಮಾಡಿಕೊಂಡು ಬಂದು ನಿಂತ. ಉಳಿದವರು ಅವನ ಹಿಂದೆ.

"ನಮ್ಮ ಮಳಿಗೆಯ ಕಂಬಗಳಿಗೆ ಗರ್ಭ ನಿಂತಿದೆ ಅಂತ ಸುದ್ದಿ," ಅಂದ ಕೌಂಟ್. ಜನ ಗೊಳ್ಳೆಂದರು. "ನಮ್ಮ ಅಪ್ಪ, ತಾತ ಕಟ್ಟಿದ್ದೆಲ್ಲ ನೆಟ್ಟಗೇ ಇದೆ. ಈ ರೋಮಿನ ಶೋಕಿಗೆ ನಾನು ಕೈ ಎತ್ತಲ್ಲ."

ಇಸೆಪ್ಪೊ ಬಾಯಿ ತೆರೆದ. ಒರ್ಸೆಟ್ಟಾ ಅವನ ಕಾಲು ತುಳಿದಳು, ಚೆನ್ನಾಗಿಯೇ ತುಳಿದಳು.

"ಸ್ವಾಮಿ, ಶೋಕಿ ಮಾತು ಬಿಡಿ," ಅಂದಳು. "ಬಾವಿ ಹತ್ತಿರ ಬನ್ನಿ. ಅಲ್ಲಿಂದ ನೋಡಿ, ಯಾವ ಕಂಬ ಸೊಟ್ಟಗಿದೆ ತೋರಿಸಿ. ಈಗಲೇ ಕಿತ್ತು ಮೆನೆಗಾಳ ಒಲೆಗೆ ಹಾಕ್ತೀನಿ."

ಕೌಂಟ್ ಹೋಗಿ ನಿಂತ. ಒಂದು ಕಣ್ಣು ಮುಚ್ಚಿ ನೋಡಿದ, ಎರಡೂ ತೆರೆದು ನೋಡಿದ. ಕೊನೆಗೆ ಕೋಲೆತ್ತಿದ. "ಅಗೋ, ಆ ಕೊನೇದು! ಉಳಿದ ಮೂರೂ ಲಕ್ಷಣವಾಗಿವೆ. ಅದೊಂದು ಮಾತ್ರ ನಡು ಮುರಿದ ಹಾಗಿದೆ."

"ಸರಿಯಾಗಿ ನೋಡಿದ್ರಾ ಸ್ವಾಮಿ?"

"ನನಗೇನು ಕಣ್ಣಿಲ್ವೇನಮ್ಮಾ?"

ಒರ್ಸೆಟ್ಟಾ ಸೊಂಟದಿಂದ ದಾರ ತೆಗೆದು ಅವನ ಕೈಗೇ ಕೊಟ್ಟಳು. "ಹಾಗಾದರೆ ನೀವೇ ಹಿಡಿದು ನೋಡಿ."

ಕೌಂಟ್ ದಾರದ ಒಂದು ತುದಿ ಹಿಡಿದ, ಅವಳು ಏಣಿ ಹತ್ತಿ ಇನ್ನೊಂದು ತುದಿ ಹಿಡಿದಳು. ಕೊನೆಯ ಕಂಬಕ್ಕೆ ದಾರ ಮೇಲಿಂದ ಕೆಳಗಿನವರೆಗೂ ಅಂಟಿಕೊಂಡು ನಿಂತಿತು. ಪಕ್ಕದ ಕಂಬಕ್ಕೆ ಹಿಡಿದಾಗ ನಡುವಿನ ಉಬ್ಬು ದಾರವನ್ನು ಆಚೆಗೆ ತಳ್ಳಿತು. ಚೌಕವೆಲ್ಲ ಬಿದ್ದು ಬಿದ್ದು ನಕ್ಕಿತು.

ಕೌಂಟನ ಮುಖ ಕೆಂಪಾಗುವುದನ್ನು ಕಂಡು ಒರ್ಸೆಟ್ಟಾ ಬೇಗ ಮಾತಾಡಿದಳು. "ಬೇಜಾರು ಮಾಡ್ಕೋಬೇಡಿ ಸ್ವಾಮಿ. ಮೊನ್ನೆ ನಾನೂ ನಿಮ್ಮ ಹಾಗೇ ಅಂದುಕೊಂಡು ನಾಲ್ಕಕ್ಕೂ ಹೊಟ್ಟೆ ಕೆತ್ತಿ ಹಾಕಿದ್ದೆ. ಮೇಸ್ತ್ರಿ ಬಾಯಲ್ಲಿ ಹೇಳಿದರೆ ನಂಬಲಿಲ್ಲ, ಕಣ್ಣಲ್ಲಿ ಕಂಡ ಮೇಲೆ ನಂಬಿದೆ. ನಿಮಗೂ ಕಾಣಲಿ ಅಂತ ಒಂದನ್ನ ಹಾಗೇ ಬಿಟ್ಟೆ."

ಕೌಂಟ್ ದಾರವನ್ನೂ ಕಂಬವನ್ನೂ ಮತ್ತೊಮ್ಮೆ ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ತಾನೂ ನಕ್ಕುಬಿಟ್ಟ, ಕೈ ಎತ್ತಿದ. ಹಿಂದಿದ್ದವರ ಕೈಗಳೂ ಮೇಲೆದ್ದವು.

ಇಸೆಪ್ಪೊ ಒಂದೇ ಕಾಲಿಗೆ ಭಾರ ಹಾಕಿ ನಿಂತಿದ್ದ. ತುಳಿಸಿಕೊಂಡ ಕಾಲು ಇನ್ನೂ ನೋಯುತ್ತಿತ್ತು. ಒರ್ಸೆಟ್ಟಾ ಏಣಿಯಿಂದ ಇಳಿದು ಅವನೆದುರು ಬಂದು ನಿಂತಳು. ಸುತ್ತ ಊರಿಗೆ ಊರೇ ಇತ್ತು. ಇರಲಿ ಬಿಡು ಅಂದುಕೊಂಡಳು.

"ನಿನ್ನೆ ಬಾಯಿಬಿಟ್ಟು ಹೇಳ್ತೀನಿ ಅಂದಿದ್ದೆ. ಹೇಳ್ತೀನಿ ಕೇಳು. ಸಭೆಯವರು ಕೈ ಎತ್ತದಿದ್ದರೂ ಇದನ್ನೇ ಹೇಳ್ತಿದ್ದೆ. ಹೋಗಬೇಡ ಇಸೆಪ್ಪೊ. ಮಳಿಗೆಗೋಸ್ಕರ ಅಲ್ಲ, ನನಗೋಸ್ಕರ. ನೀನಿಲ್ಲದೆ ನನಗಾಗಲ್ಲ."

ಅವನು ಅವಳ ಎರಡೂ ಕೈ ಹಿಡಿದುಕೊಂಡ, ಮರದ ಹೊಟ್ಟು, ಸುಣ್ಣ ಎಲ್ಲ ಸೇರಿಸಿ. "ನಿನ್ನೆ ರಾತ್ರಿಯೇ ವ್ಯಾಪಾರಿಗಳಿಗೆ ಹೇಳಿಬಂದೆ, ಬರೋದಿಲ್ಲ ಅಂತ."

"ನಿನ್ನೆಯೇನಾ? ಒಪ್ಪದೇ ಹೋಗಿದ್ದರೆ?"

"ಪೀಪಾಯಿ ಮಾಡೋದು ಕಲೀತಿದ್ದೆ. ನೀನು ನಂಬು ಅಂದೆಯಲ್ಲೇ."

ಢಣ್ ಎಂದು ಸದ್ದಾಯಿತು. ಮೆನೆಗಾ ಬಾಣಲೆ ತಂದುಬಿಟ್ಟಿದ್ದಳು.

ಸೊರಗಿದ ಕಂಬವನ್ನು ಒಲೆಗೆ ಹಾಕಲು ಇಸೆಪ್ಪೊ ಬಿಡಲಿಲ್ಲ. ಕಾರ್ಖಾನೆಯ ಅಂಗಳಕ್ಕೆ ಸಾಗಿಸಿ, ದ್ರಾಕ್ಷಿ ಬಳ್ಳಿಯ ಚಪ್ಪರಕ್ಕೆ ಊರಿದ. ಮುಂದಿನ ವರ್ಷಗಳಲ್ಲಿ ಮಳಿಗೆಯ ಕಲ್ಲಿನ ಕಂಬಗಳನ್ನು ನೋಡಲು ಬೇರೆ ಬೇರೆ ಊರುಗಳಿಂದ ಜನ ಬಂದರು, ಕೊನೆಗೆ ಕಡಲಾಚೆಯಿಂದಲೂ. ಅಳತೆ ಬರೆದುಕೊಂಡು ಹೋಗಿ ತಮ್ಮ ಮಹಲುಗಳಿಗೂ ನ್ಯಾಯಾಲಯಗಳಿಗೂ ಅದೇ ಉಬ್ಬು ಇಟ್ಟರು. ಅಂಥವನೊಬ್ಬ ಒಂದು ಮಧ್ಯಾಹ್ನ ಚಪ್ಪರದ ಕೆಳಗೆ ವೈನ್ ಕುಡಿಯುತ್ತ ಕೇಳಿದ, "ಅಮ್ಮಾ, ಇಷ್ಟು ಚೆನ್ನಾಗಿ ಕಟ್ಟೋರ ಮನೇಲಿ ಈ ಕಂಬ ಯಾಕೆ ಹೀಗೆ ಸೊಟ್ಟಗಿದೆ?"

ತಲೆ ಬೆಳ್ಳಗಾಗಿದ್ದ ಒರ್ಸೆಟ್ಟಾ ಒಳಗೆ ನೋಡಿದಳು. ಗೆರೆ ಎಳೆಯುತ್ತಿದ್ದ ಇಸೆಪ್ಪೊ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ, ಈಗ ಕಣ್ಣು ತಿರುಗಿಸಿಕೊಳ್ಳದೆ.

ಅವಳು ಸೊಂಟದಿಂದ ದಾರ ತೆಗೆದು ಅತಿಥಿಯ ಕೈಗಿಟ್ಟಳು.

"ಹಿಡಿದು ನೋಡಪ್ಪಾ," ಅಂದಳು. "ಈ ಮನುಷ್ಯನನ್ನ ನನಗೆ ಉಳಿಸಿಕೊಟ್ಟ ಕಂಬ ಅದು."