ರೈಫಲ್ಲಿಗೆ ಒಪ್ಪದ ಸ್ಕೋಪು

2024ರ ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ ಎಂಟು ನಲವತ್ತಕ್ಕೆ ಲಫ್‌ಬರೋ ಠಾಣೆಗೆ ಒಂದು ದೂರು ಬಂತು. ಫೋನು ಮಾಡಿದವರು ನಾಟಿಂಗ್‌ಹ್ಯಾಮ್‌ನಲ್ಲಿ ಮೂಳೆ ಸರ್ಜನ್ ಆಗಿದ್ದ ಡಾ. ವಿಶ್ವೇಶ್ವರ. ಹೇಜಲ್‌ಥಾರ್ಪ್ ಹಳ್ಳಿಯ ತಮ್ಮ ಮನೆಯ ಗ್ಯಾರೇಜಿನಿಂದ ಹೊಸ ಬೇಟೆ ರೈಫಲ್ಲೂ ಇಪ್ಪತ್ತು ಗುಂಡುಗಳೂ ಕಳುವಾಗಿವೆ ಎಂದರು. ಇಂಗ್ಲೆಂಡಿನಲ್ಲಿ ಎಫ್‌ಐಆರ್ ಎಂಬುದಿಲ್ಲ, ಅದರ ಜಾಗದಲ್ಲಿ ಕ್ರೈಮ್ ನಂಬರ್ ಕೊಡುತ್ತಾರೆ. ಆ ನಂಬರು ಬಿದ್ದದ್ದು ಇನ್ಸ್‌ಪೆಕ್ಟರ್ ದಾನೇಶ್ವರಿ ಯಲಿಗಾರಳ ಹೆಸರಿಗೆ. ಆ ಹುದ್ದೆಗೆ ಬಂದು ಅವಳಿಗೆ ಅಂದಿಗೆ ಹದಿನೇಳು ದಿನ.

ಹತ್ತು ಗಂಟೆಗೆ ಅವಳು ಕಾನ್‌ಸ್ಟೇಬಲ್ ಬೆನ್ ಓಕ್ಲಿಯನ್ನು ಕರೆದುಕೊಂಡು ಸ್ಥಳಕ್ಕೆ ಹೋದಳು. ರೈಫಲ್ ಇಟ್ಟಿದ್ದ ಕಬ್ಬಿಣದ ಕಪಾಟಿನ ಬಾಗಿಲು ನೆಟ್ಟಗಿತ್ತು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಓಕ್ಲಿ ಫೋಟೋ ತೆಗೆದು ಪಂಚನಾಮೆಯಂತೆ ಒಂದೊಂದನ್ನೇ ಬರೆದುಕೊಂಡ. ಇನ್ಸ್‌ಪೆಕ್ಟರ್ ಹೆಸರು ಕೇಳಿದ್ದೇ ಡಾಕ್ಟರು ಕನ್ನಡಕ್ಕೆ ಇಳಿದರು.

"ಕೀ ಎಲ್ಲಿತ್ತು, ಡಾಕ್ಟ್ರೇ?"

"ನನ್ನ ಕೀಬಂಚಲ್ಲೇ, ಮೇಡಂ. ಯಾವಾಗ್ಲೂ."

"ಕೊನೇ ಸಲ ರೈಫಲ್ ನೋಡಿದ್ದು?"

"ಗುರುವಾರ. ನಂದು ಸೋಮವಾರಪೇಟೆ ಕಡೆ, ಮನೇಲಿ ತಾತನ ಕಾಲದಿಂದ ಕೋವಿ ಇತ್ತು. ಇದು ಒಂಬತ್ತು ಪಾಯಿಂಟ್ ಮೂರು ಮಿಲಿಮೀಟರಿಂದು, ಮೀಡಿಯಂ ಬೋರ್, ಮಧ್ಯಮ ಗಾತ್ರದ ನಳಿಗೆ. ಇನ್ನೂ ಒಂದು ಗುಂಡೂ ಹಾರಿಸಿಲ್ಲ. ಗುರಿ ನೋಡೋಕೆ ಯಾವ ಸ್ಕೋಪ್ ಹಾಕೋದು ಅಂತ ಎರಡು ತಿಂಗಳಿಂದ ನೋಡ್ತಾನೇ ಇದ್ದೆ."

"ಹಾಗಾದ್ರೆ ಅದರ ಮೇಲೆ ಸ್ಕೋಪ್ ಇರಲಿಲ್ವಾ?"

"ಇತ್ತು. ಹಳೇ ಚಿಕ್ಕ ರೈಫಲ್ ಮಾರಿದ್ದೆ, ಅದರದ್ದು ಉಳ್ಕೊಂಡಿತ್ತು. ಅದನ್ನ ಹಿಡಿಯೋ ಮೌಂಟ್ ಸರಿಯಾಗಿ ಕೂರುತ್ತಾ ಅಂತ ನೋಡೋಕೆ ಹಾಕಿದ್ದೆ ಅಷ್ಟೇ."

ಡಾಕ್ಟರ ಹೆಂಡತಿ ನಿರುಪಮಾ ಬಾಗಿಲ ಬಳಿಯಿಂದ ಮುಂದೆ ಬಂದರು.

"ಸುಳ್ಳು ಯಾಕೆ ಹೇಳ್ತೀರ್ರೀ?" ಎಂದರು. "ಕೀ ದೇವರ ಗೂಡಲ್ಲಿತ್ತು ಮೇಡಂ, ಕುಂಕುಮದ ಭರಣಿ ಕೆಳಗೆ. ಗೌರಿ ಹಬ್ಬಕ್ಕೆ ಮೂವತ್ತು ಜನ ಬಂದಿದ್ರು. ಪೇಂಟ್‌ನೋರು, ಬಾಯ್ಲರ್‌ನೋರು, ಕ್ಲೀನರ್, ಎಲ್ಲರೂ ಓಡಾಡಿದಾರೆ."

ಡಾಕ್ಟರು ತಲೆ ತಗ್ಗಿಸಿದರು. ಕೀ ಹಾಗೆ ಇಟ್ಟಿದ್ದಕ್ಕೆ ಬಂದೂಕಿನ ಲೈಸೆನ್ಸ್ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ನಿರುಪಮಾ ಅಲ್ಲೇ ಕುಳಿತು ಪಟ್ಟಿ ಬರೆದರು. ನಲವತ್ತೊಂದು ಹೆಸರುಗಳಾದವು. ಓಕ್ಲಿ ಅದನ್ನು ನೋಡಿ ನಿಟ್ಟುಸಿರು ಬಿಟ್ಟ.

ಪಟ್ಟಿಯ ಆರನೇ ಹೆಸರಿಗೆ ಬರುವಷ್ಟರಲ್ಲಿ ಮಂಗಳವಾರ ಬೆಳಿಗ್ಗೆ ಏಳು ಐವತ್ತಕ್ಕೆ ಮತ್ತೊಂದು ಕರೆ. ಎಲ್ಲರ್‌ಬಿ ಎಸ್ಟೇಟಿನ ಜಿಂಕೆವನದಲ್ಲಿ ದೊಡ್ಡ ಗಂಡು ಜಿಂಕೆಯೊಂದು ಗುಂಡು ತಗುಲಿ ಸತ್ತಿತ್ತು. ಇನ್ನೊಂದು ಗುಂಡು ಮುನ್ನೂರು ಗಜ ಹಾರಿ, ರಸ್ತೆ ದಾಟಿ, ಬಸ್ ಸ್ಟಾಪಿನ ಹಲಗೆಯನ್ನು ತೂತು ಮಾಡಿತ್ತು. ಶಾಲೆಯ ಮಕ್ಕಳು ಅಲ್ಲಿಗೆ ಬರಲು ಹತ್ತೇ ನಿಮಿಷ ಬಾಕಿಯಿತ್ತು. ದಾನೇಶ್ವರಿ ಆ ತೂತಿನೊಳಗೆ ಬೆರಳಿಟ್ಟು ನೋಡಿದಳು. ತೂತಿದ್ದದ್ದು ಅವಳ ಮಗಳ ತಲೆಯ ಎತ್ತರಕ್ಕೆ.

ಬೇಲಿಯ ಹತ್ತಿರ ಎರಡು ಖಾಲಿ ತೋಟಾ ಸಿಕ್ಕವು. ಎರಡೂ ಒಂಬತ್ತು ಪಾಯಿಂಟ್ ಮೂರರವು. ಪಕ್ಕದ ಹುಲ್ಲಿನ ಮೇಲೆ ರಕ್ತ ಬಿದ್ದಿತ್ತು. ಜಿಂಕೆ ಸತ್ತಿದ್ದ ಜಾಗ ಅಲ್ಲಿಂದ ನೂರು ಗಜ ಆಚೆ.

"ಇದು ಹೊಡೆದವನ ರಕ್ತ," ಎಂದಳು ದಾನೇಶ್ವರಿ.

"ಲ್ಯಾಬ್‌ನವರು ಹತ್ತು ದಿನ ಕೇಳ್ತಾರೆ," ಎಂದ ಓಕ್ಲಿ.

ಹತ್ತು ದಿನ ಕಾಯುವಂತಿರಲಿಲ್ಲ. ಶನಿವಾರ ಆ ವನದ ಕಾಲುದಾರಿಯಲ್ಲಿ ಆಸ್ಪತ್ರೆಯ ಸಹಾಯಾರ್ಥ ಮುನ್ನೂರು ಜನರ ನಡಿಗೆಯಿತ್ತು. ನಡಿಗೆಯನ್ನು ರದ್ದು ಮಾಡಿಸುತ್ತೇನೆ ಎಂದರು ಮೇಲಧಿಕಾರಿ. "ಶುಕ್ರವಾರ ಸಂಜೆವರೆಗೆ ಸಮಯ ಕೊಡಿ," ಎಂದಳು ಅವಳು. ಕೊಟ್ಟರು, ಅರೆಮನಸ್ಸಿನಿಂದ.

ಅವಳು ನೇರ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ತೋಟಾಗಳ ಪಕ್ಕ ಬಿದ್ದಿದ್ದ ರಕ್ತದ ಫೋಟೋ ಮುಂದಿಟ್ಟು, ಹೊಡೆದವನಿಗೆ ಎಲ್ಲಿ ಗಾಯವಾಗಿರಬಹುದು ಎಂದು ಕೇಳಿದಳು. ಅವರು ಅರೆಕ್ಷಣ ನೋಡಿ ತಮ್ಮ ಬಲಹುಬ್ಬಿನ ಮೇಲೆ ಬೆರಳಿನಿಂದ ಒಂದು ಕಮಾನು ಎಳೆದರು.

"ಇಲ್ಲಿ ಹರಿದಿರುತ್ತೆ. ಚಿಕ್ಕ ರೈಫಲ್ ಸ್ಕೋಪಿಗೆ ಕಣ್ಣನ್ನ ಹತ್ತಿರ ತಂದ್ರೇನೇ ಪೂರ್ತಿ ಚಿತ್ರ ಕಾಣೋದು. ಗುಂಡು ಹಾರಿದಾಗ ಒಂಬತ್ತು ಪಾಯಿಂಟ್ ಮೂರರ ಒದೆ ಜೋರು. ಸ್ಕೋಪಿನ ಅಂಚು ಹಿಂದಕ್ಕೆ ಬಂದು ಹುಬ್ಬಿಗೆ ಹೊಡೆಯುತ್ತೆ, ಅರ್ಧಚಂದ್ರ ಕೊರೆದ ಹಾಗೆ. ಎರಡು ಹೊಲಿಗೆ ಗ್ಯಾರಂಟಿ."

"ಈ ರೈಫಲ್ಲಿಗೆ ನೀವಾದ್ರೆ ಯಾವುದು ಆರಿಸ್ತಿದ್ರಿ?"

ಡಾಕ್ಟರ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ಕಳೆ ಬಂತು. "ಪವರ್ ಜಾಸ್ತಿ ಇದ್ದರೆ ಒಳ್ಳೇದು ಅಂತ ಎಲ್ಲರೂ ಅಂದ್ಕೋತಾರೆ. ತಪ್ಪು. ಕಾಡಲ್ಲಿ ನೂರು ಗಜದೊಳಗೆ ಒಂದೂವರೆಯಿಂದ ಆರು ಪಟ್ಟು ದೊಡ್ಡದಾಗಿ ಕಂಡ್ರೆ ಸಾಕು. ಬೆಳಗಿನ ಮಬ್ಬಲ್ಲೂ ಕಾಣೋ ಅಂಥ ಗಾಜು ಬೇಕು. ಒದೆ ತಡಿಯೋ ಗಟ್ಟಿ ಮೈ ಬೇಕು. ಎಲ್ಲಕ್ಕಿಂತ ಮುಖ್ಯ, ಕಣ್ಣಿಗೂ ಗಾಜಿಗೂ ನಾಲ್ಕಿಂಚು ಅಂತರ."

ಅವಳು ಅದನ್ನೆಲ್ಲ ಬರೆದುಕೊಂಡು, ಹಳೆಯ ಸ್ಕೋಪಿನ ಸೀರಿಯಲ್ ನಂಬರನ್ನೂ ಇಸಿದುಕೊಂಡಳು. ಕಾರಿಗೆ ಬಂದು ಡರ್ಬಿಯಲ್ಲಿದ್ದ ಅಪ್ಪ ಅಡಿವೆಪ್ಪನಿಗೆ ಫೋನು ಹಚ್ಚಿದಳು. ಅವನು ಮೂವತ್ತು ವರ್ಷ ವಿಮಾನದ ಎಂಜಿನ್ನುಗಳ ಕಂಪನ ಅಳೆದು ನಿವೃತ್ತನಾದವನು.

"ಅಪ್ಪಾ, ಸಣ್ಣ ಬಂದೂಕಿನ ದುರ್ಬೀನಿಗೆ ದೊಡ್ಡ ಬಂದೂಕಿನ ಒದಿ ಬಿದ್ರ ಏನಾಗ್ತದ?"

"ಒಳಗಿನ ಗುರಿ ಗೆರಿ ಜಾರ್ತದವ್ವಾ. ಒಂದು ಒದಿ ತಡೀಬಹುದು, ಎರಡನೇದಕ್ಕ ಕೆಲಸಕ್ಕ ಬರಂಗಿಲ್ಲ. ಯಾಕ, ಏನಾತು?"

"ಒಬ್ಬಾಂವ ಹೊಸಾದು ತಗೊಳ್ಳಾಕ ಹೊಂಟಾನ. ನಾನೂ ಹೊಂಟೀನಿ," ಎಂದು ಫೋನಿಟ್ಟಳು.

ರೈಫಲ್ ಕೊಳ್ಳಲು ಲೈಸೆನ್ಸ್ ಬೇಕು. ಸ್ಕೋಪ್ ಕೊಳ್ಳಲು ಏನೂ ಬೇಡ. ಇನ್ನೂ ಹದಿನೆಂಟು ಗುಂಡು ಉಳಿಸಿಕೊಂಡಿದ್ದವನು, ಸ್ಕೋಪ್ ಕೆಟ್ಟಿದ್ದರೆ, ಅಂಗಡಿಗೆ ಬಂದೇ ಬರಬೇಕು. ಬುಧವಾರ ಮಧ್ಯಾಹ್ನದೊಳಗೆ ಅವಳೂ ಓಕ್ಲಿಯೂ ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್ ಸುತ್ತಲಿನ ಹತ್ತೊಂಬತ್ತು ಬಂದೂಕಿನ ಅಂಗಡಿಗಳಿಗೆ ಫೋನು ಮಾಡಿ ಹೇಳಿದ್ದು ಒಂದೇ ಮಾತು: ಬಲಹುಬ್ಬಿಗೆ ಪ್ಲಾಸ್ಟರ್ ಹಾಕಿಕೊಂಡವನು ಸ್ಕೋಪ್ ಕೇಳಿದರೆ ಇಲ್ಲವೆನ್ನಬೇಡಿ, ನಾಳೆ ಬಾ ಎನ್ನಿ.

ಗುರುವಾರ ನಾಲ್ಕು ಗಂಟೆಗೆ ಡರ್ಬಿ ರಸ್ತೆಯ ಅಂಗಡಿಯೊಡತಿ ಹಿಲ್ಡಾ ಮಾರ್ಸ್‌ಡೆನ್ ಫೋನು ಮಾಡಿದಳು. ಎಪ್ಪತ್ತರ ಮುದುಕಿ, ಧ್ವನಿ ಮಾತ್ರ ಗಂಟೆ. "ನಿಮ್ಮವನು ಬಂದಿದ್ದ. ನಗದು ಕೊಡ್ತೀನಿ ಅಂದ. ಸ್ಟಾಕ್ ನಾಳೆ ಹನ್ನೊಂದಕ್ಕೆ ಬರುತ್ತೆ ಅಂದಿದೀನಿ."

ಶುಕ್ರವಾರ ಅಕ್ಟೋಬರ್ 18. ಅಂಗಡಿಯ ಹಸಿರು ಏಪ್ರನ್ ಕಟ್ಟಿಕೊಂಡು ದಾನೇಶ್ವರಿ ಕೌಂಟರಿನ ಹಿಂದೆ ನಿಂತಳು. ಓಕ್ಲಿ ಬೂಟು ನೋಡುವ ಗಿರಾಕಿಯಾದ. ಬೀದಿಯ ತಿರುವಿನಲ್ಲಿ ಸಶಸ್ತ್ರ ಪೊಲೀಸರ ವ್ಯಾನು ನಿಂತಿತ್ತು. ಹನ್ನೊಂದು ಹತ್ತಕ್ಕೆ ಬಾಗಿಲು ತಳ್ಳಿಕೊಂಡು ಐವತ್ತೈದರ ಗಂಡಸೊಬ್ಬ ಬಂದ. ಬಲಹುಬ್ಬಿನ ಮೇಲೆ ಪ್ಲಾಸ್ಟರ್, ಅದರ ಕೆಳಗೆ ಕಣ್ಣಿನ ಸುತ್ತ ಹಳದಿಗೆ ತಿರುಗುತ್ತಿದ್ದ ನೀಲಿ ಕಲೆ.

"ಯಾವ ರೈಫಲ್ಲಿಗೆ?" ಎಂದಳು.

"ಸಾಧಾರಣ ಜಿಂಕೆ ರೈಫಲ್. ಚಿಕ್ಕದು."

ಅವಳು ಹದಿನೆಂಟು ಪಟ್ಟು ದೊಡ್ಡದು ಮಾಡುವ ಹೊಳೆಯುವ ಸ್ಕೋಪೊಂದನ್ನು ಮುಂದಿಟ್ಟಳು. "ಅರ್ಧ ಬೆಲೆಗಿದೆ. ಅರ್ಧ ಮೈಲಿ ಆಚೆಗೂ ಕಾಣುತ್ತೆ."

ಅವನು ಅದಕ್ಕೆ ಕಣ್ಣಿಟ್ಟವನೇ ಬಿಸಿ ಪಾತ್ರೆ ಮುಟ್ಟಿದವನಂತೆ ಹಿಂದೆ ಸರಿದ. "ಇದಕ್ಕೆ ಕಣ್ಣು ತೀರ ಹತ್ತಿರ ತರಬೇಕು. ಬೇಡ."

"ಚಿಕ್ಕ ರೈಫಲ್ ಅಂದ್ರಲ್ಲ. ಅದು ಒದೆಯೋದೇ ಇಲ್ವಲ್ಲ?"

ಅವನು ಅದನ್ನು ಪಕ್ಕಕ್ಕೆ ಸರಿಸಿದ. ಅವಳು ಒಂದೂವರೆಯಿಂದ ಆರು ಪಟ್ಟಿನದನ್ನು ತೆಗೆದಿಟ್ಟಳು. ಅವನು ಎತ್ತಿಕೊಂಡು, ನಾಲ್ಕಿಂಚು ದೂರದಿಂದ ನೋಡಿ, ತಲೆಯಾಡಿಸಿದ. "ಇದೇ."

"ನಿಮ್ಮ ಮೌಂಟಿಗೆ ಹೊಂದುತ್ತಾ? ಹಳೇ ಸ್ಕೋಪಿನ ಕೊಳವೆಯ ದಪ್ಪ ಗೊತ್ತಾ?"

ಅವನು ಕೋಟಿನ ಜೇಬಿನಿಂದ ಟವಲಿನಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ಕೌಂಟರಿನ ಮೇಲೆ ಬಿಚ್ಚಿದ. "ಹಳೇದು ಇದು. ಅಳೆದು ನೋಡಿ."

ಗಾಜಿನೊಳಗೆ ಗುರಿಯ ಗೆರೆ ಓರೆಯಾಗಿ ಬಿದ್ದಿತ್ತು. ಹಿಂದಿನ ಅಂಚಿನಲ್ಲಿ ಒಣಗಿದ ರಕ್ತ. ದಾನೇಶ್ವರಿ ಅದನ್ನು ಮಗುಚಿ ನಂಬರು ಓದಿದಳು. ಡಾಕ್ಟರು ಬರೆಸಿದ್ದ ನಂಬರೇ ಅದು.

"ಇದು ಡಾ. ವಿಶ್ವೇಶ್ವರ ಅವರ ಸ್ಕೋಪ್. ನಾನು ಇನ್ಸ್‌ಪೆಕ್ಟರ್ ಯಲಿಗಾರ. ನಿಮ್ಮನ್ನು ಬಂಧಿಸಿದ್ದೇನೆ."

ಓಕ್ಲಿ ಬಾಗಿಲಿಗೆ ಅಡ್ಡ ನಿಂತಿದ್ದ. ಆ ಮನುಷ್ಯ ಓಡಲಿಲ್ಲ. "ಒಳ್ಳೇ ಸ್ಕೋಪ್ ಆರಿಸಿಕೊಟ್ಟಿರಿ," ಎಂದು ಕೈ ಮುಂದೆ ಚಾಚಿದ.

ಹೆಸರು ಆಲನ್ ಫ್ರೆಟ್‌ವೆಲ್. ನಿರುಪಮಾ ಬರೆದ ಪಟ್ಟಿಯಲ್ಲಿ ಇಪ್ಪತ್ತೇಳನೆಯವನು, ಬಾಯ್ಲರ್ ರಿಪೇರಿಯವನು. ಬಾಯ್ಲರಿನೊಳಗೆ ಸದಾ ಉರಿಯುವ ಪುಟ್ಟ ಪೈಲಟ್ ದೀಪ ಹೊತ್ತಿಸಲು ದೇವರ ಗೂಡಿನಿಂದ ಬೆಂಕಿಪೊಟ್ಟಣ ತೆಗೆಯುವಾಗ ಕೀ ಕಂಡಿದ್ದ, ಗ್ಯಾರೇಜಿನ ಕಪಾಟಿಗೆ ಹಾಕಿ ನೋಡಿದ್ದ. ಹನ್ನೆರಡೂವರೆಗೆ ಅವನ ವ್ಯಾನಿನಲ್ಲಿ ಹಳೇ ಬಾಯ್ಲರಿನ ತಗಡಿನ ಹಿಂದೆ ರೈಫಲ್ ಸಿಕ್ಕಿತು. ಓಕ್ಲಿ ಗುಂಡುಗಳನ್ನು ಎರಡು ಸಲ ಎಣಿಸಿ ಕೂಗಿದ: "ಹದಿನೆಂಟು! ಒಂದೂ ಕಮ್ಮಿಯಿಲ್ಲ!"

ಠಾಣೆಗೆ ಮರಳಿದಾಗ ಮೆಟ್ಟಿಲ ಮೇಲೆಲ್ಲ ಜನ ನಿಂತು ಚಪ್ಪಾಳೆ ತಟ್ಟಿದರು. ಮೇಲಧಿಕಾರಿ ಎಲ್ಲರೆದುರಿಗೆ ಅವಳ ಕೈ ಕುಲುಕಿ, "ನಾಳೆ ನಡಿಗೆಗೆ ನಾನೂ ಬರ್ತೀನಿ," ಎಂದರು. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಒಬ್ಬಳೇ ಮನಸಾರೆ ನಕ್ಕಳು. ನಾಲ್ಕು ದಿನದಲ್ಲಿ ಒಂದು ಬಂದೂಕು ಬೀದಿಯಿಂದ ಹೊರಗೆ ಬಂದಿತ್ತು, ಯಾರ ಮೈಗೂ ತಗುಲದೆ. ಡಾಕ್ಟರ ಲೈಸೆನ್ಸ್ ಮಾತ್ರ ರದ್ದಾಯಿತು. ಅವರು ಅದಕ್ಕೆ ತಕರಾರು ಮಾಡಲಿಲ್ಲ.

ಮೂರು ಗಂಟೆಗೆ ಫ್ರೆಟ್‌ವೆಲ್‌ನ ವಕೀಲರ ಎದುರು ದಾನೇಶ್ವರಿ ಅವನ ವಿಚಾರಣೆ ಶುರುಮಾಡಿದಳು.

"ಜಿಂಕೆಯ ಮಾಂಸಕ್ಕಾ?"

"ಅಲ್ಲ."

"ಕೊಂಬಿಗಾ?"

"ಅಲ್ಲ. ನನ್ನ ಹೆಂಡತಿ ಮಾರಿಯನ್. ಎರಡು ವರ್ಷದ ಹಿಂದೆ, ಇದೇ ತಿಂಗಳು. ವನದ ಬೇಲಿ ಮುರಿದಲ್ಲಿಂದ ಜಿಂಕೆ ಹಾರಿ ಅವಳ ಕಾರಿನ ಮೇಲೆ ಬಿತ್ತು. ಅವಳು ಉಳಿಯಲಿಲ್ಲ. ಅಂಥ ಜಿಂಕೆ ಒಂದೂ ಇರಬಾರದು ಅಂದ್ಕೊಂಡೆ."

"ಎರಡನೇ ಗುಂಡು ಬಸ್ ಸ್ಟಾಪಿಗೆ ಹೋಯ್ತು. ಹತ್ತು ನಿಮಿಷ ಕಳೆದಿದ್ದರೆ ಅಲ್ಲಿ ಮಕ್ಕಳಿರುತ್ತಿದ್ದರು."

ಅವನ ಮುಖ ಬಿಳಿಚಿಕೊಂಡಿತು. ಅವನಿಗೆ ಅದು ಗೊತ್ತೇ ಇರಲಿಲ್ಲ. "ನನ್ನನ್ನು ಹಿಡಿದದ್ದು ಒಳ್ಳೇದಾಯ್ತು," ಎಂದ.

ಅವನ ಅಡುಗೆಮನೆಯ ಡ್ರಾಯರಿನಲ್ಲಿ ಓಕ್ಲಿಗೆ ಮೂರು ಪತ್ರಗಳ ನಕಲು ಸಿಕ್ಕಿದ್ದವು. ಬೇಲಿ ಸರಿಮಾಡಿ ಎಂದು ಎಸ್ಟೇಟಿಗೆ ಬರೆದವು. ಮೊದಲೆರಡಕ್ಕೆ ಬಂದ ಉತ್ತರ ಒಂದೇ ಬಗೆಯದು: ವಿಷಯ ಪರಿಶೀಲನೆಯಲ್ಲಿದೆ. ಮೂರನೆಯದಕ್ಕೆ ಉತ್ತರವೇ ಬಂದಿರಲಿಲ್ಲ. ಆರೋಪಪಟ್ಟಿಗೆ ಅವು ಬೇಕಾಗಿರಲಿಲ್ಲ. ದಾನೇಶ್ವರಿ ಒಂದೊಂದಕ್ಕೂ ಪ್ರತ್ಯೇಕ ನಂಬರು ಹಾಕಿ ಸಾಕ್ಷ್ಯದ ಪಟ್ಟಿಗೆ ಸೇರಿಸಿದಳು. ಇನ್ನು ಅವನ್ನು ಕೋರ್ಟಿನಲ್ಲಿ ಯಾರಾದರೂ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ಓದಲೇಬೇಕಾಗಿತ್ತು.